ಮುಂದಿನ ಮೇ ತಿಂಗಳಿಗೆ ಎಲ್ಲರೂ ಬನ್ನಿ

ಲೆಸ್ಟರ್, ಇಂಗ್ಲೆಂಡ್
ಆಗಸ್ಟ್ ಎರಡನೇ ವಾರ

ಪ್ರೀತಿಯ ಅಕ್ಕ,

ನಾವಿಬ್ಬರೂ ಚೆನ್ನಾಗಿದ್ದೇವೆ. ನೀವೆಲ್ಲ ಚೆನ್ನಾಗಿದ್ದೀರಿ ಅಂತ ಭಾನುವಾರದ ಫೋನಿನಲ್ಲೇ ಗೊತ್ತಾಯಿತು. ಆದರೆ ಅಮ್ಮ ಕೇಳಿದ ಪ್ರಶ್ನೆಗೆ ನನಗೆ ಫೋನಿನಲ್ಲಿ ಸರಿಯಾಗಿ ಉತ್ತರ ಕೊಡೋಕೆ ಆಗಲಿಲ್ಲ. "ಕೆಲಸ ಬಿಟ್ಟು ದಿನವಿಡೀ ಏನು ಮಾಡ್ತೀಯೇ?" ಅಂದಳು. ಅದರ ಹಿಂದೆಯೇ ಭಾವ, "57 ಅಂದರೆ ಕೆಲಸ ಬಿಡೋ ವಯಸ್ಸಾ?" ಅಂದಿದ್ದೂ ಕೇಳಿಸಿತು. ಇಬ್ಬರ ಪ್ರಶ್ನೆಯೂ ನ್ಯಾಯವಾದದ್ದೇ. ಅದಕ್ಕೇ ಈ ಪತ್ರ. ಅಮ್ಮನಿಗೆ ನಿಧಾನವಾಗಿ ಓದಿ ಹೇಳು. ಅವಳಿಗೆ ಫೋನಿಗಿಂತ ಪತ್ರವೇ ಇಷ್ಟ. ಬೇಕಾದಾಗ ಇನ್ನೊಂದು ಸಲ ಓದಿಸಿಕೊಳ್ಳಬಹುದಲ್ವಾ.

ಮೊದಲು ಭಾವನಿಗೆ ದುಡ್ಡಿನ ವಿಚಾರ ಹೇಳಿಬಿಡುತ್ತೇನೆ. ಅವರು 60 ತುಂಬುವವರೆಗೂ ಮೇಷ್ಟ್ರಾಗಿ ದುಡಿದು, ಮರು ತಿಂಗಳಿಂದಲೇ ಪಿಂಚಣಿ ತಗೊಂಡವರು. ಇಲ್ಲಿ ಆ ಥರ ಅಲ್ಲ. ಸರ್ಕಾರದ ಪಿಂಚಣಿ ನನ್ನ ವಯಸ್ಸಿನವರಿಗೆ 67ಕ್ಕೆ ಸಿಗುತ್ತದೆ. ಅದಕ್ಕೆ ಮೊದಲು ಒಂದು ಪೈಸೆಯೂ ಇಲ್ಲ. ಪೂರ್ತಿ ಮೊತ್ತ ಬರಬೇಕಾದರೆ ಸಾಮಾನ್ಯವಾಗಿ 35 ವರ್ಷ ನ್ಯಾಷನಲ್ ಇನ್ಶೂರೆನ್ಸ್ ಅನ್ನೋ ಸರ್ಕಾರಿ ವಿಮೆಯ ಕಂತು ಕಟ್ಟಿರಬೇಕು. ನನಗೆ ಕೆಲವು ವರ್ಷ ಕಡಿಮೆ ಬೀಳುತ್ತವೆ. ಅದನ್ನು ಕೈಯಿಂದ ಕಟ್ಟಿ ತುಂಬಿಸಿಕೊಳ್ಳುವ ದಾರಿ ಇದೆ, ಕಟ್ಟುತ್ತಿದ್ದೇನೆ. ಕೆಲಸ ಮಾಡಿದ ಕಡೆಯ ಪಿಂಚಣಿ ಬೇರೆ. ಅದನ್ನು ಈಗ 55 ಆದ ಮೇಲೆ ತೆಗೆದುಕೊಳ್ಳಬಹುದು. 2028ರ ಏಪ್ರಿಲ್‌ನಿಂದ ಅದು 57ಕ್ಕೆ ಏರುತ್ತದೆ. ಬೇಗ ತಗೊಂಡರೆ ತಿಂಗಳ ಮೊತ್ತ ಕಡಿಮೆಯಾಗುತ್ತದೆ, ಕಡೆಯವರೆಗೂ ಕಡಿಮೆಯೇ. ಇದೆಲ್ಲ ಕೂತು ಲೆಕ್ಕ ಹಾಕಿದ್ದೇವೆ. ಮನೆ ಸಾಲ ತೀರಿದೆ. ಮಗಳು ಅವಳ ಕಾಲ ಮೇಲೆ ನಿಂತಿದ್ದಾಳೆ. ಇವರು ಇನ್ನೂ ವಾರಕ್ಕೆ ಮೂರು ದಿನ ಕೆಲಸಕ್ಕೆ ಹೋಗುತ್ತಾರೆ. ಹೊಸ ಕಾರು ಇಲ್ಲ, ದೊಡ್ಡ ಪ್ರವಾಸ ಇಲ್ಲ, ಅಷ್ಟೇ. ಊಟ ಬಟ್ಟೆಗೆ ಕೊರತೆ ಇಲ್ಲ ಅಂತ ಭಾವ ಧೈರ್ಯವಾಗಿರಲಿ.

ಆದರೆ ನಿಜವಾಗಿ ಕೆಲಸ ಬಿಡೋಕೆ ಕಾರಣ ಇನ್ನೊಂದು ಲೆಕ್ಕ. ಅಮ್ಮನಿಗೆ ಈಗ 81. ನನ್ನ ಮೊಮ್ಮಗನಿಗೆ 4. ನಾನು 67ರವರೆಗೆ ಕಾದರೆ ಅಮ್ಮನಿಗೆ 91 ಆಗಿರುತ್ತದೆ, ಅವನಿಗೆ 14. ಅಷ್ಟು ಹೊತ್ತಿಗೆ ಅಮ್ಮನಿಗೆ ಇಷ್ಟು ದೂರ ವಿಮಾನದಲ್ಲಿ ಕೂತು ಬರೋ ಶಕ್ತಿ ಇರುತ್ತದಾ? ಅವನಿಗೆ ಅಜ್ಜಿಯ ಜೊತೆ ಬಟಾಣಿ ಬಿಡಿಸೋ ಮನಸ್ಸು ಇರುತ್ತದಾ? ಪಿಂಚಣಿ ಹತ್ತು ವರ್ಷ ಕಾಯುತ್ತದೆ. ಇವರಿಬ್ಬರೂ ಕಾಯೋಕಾಗಲ್ಲ. ಇದನ್ನು ಒಂದು ಸಲ ಕಾಗದದ ಮೇಲೆ ಬರೆದು ನೋಡಿದ ಮೇಲೆ ನನಗೆ ಬೇರೆ ಯೋಚನೆಯೇ ಬರಲಿಲ್ಲ.

ನಿನಗೆ ನೆನಪಿರಬೇಕು, ಇಷ್ಟು ವರ್ಷ ನಾನು ಊರಿಗೆ ಬರುತ್ತಿದ್ದ ರೀತಿ. ಎರಡು ವಾರದ ರಜೆ. ಅದರಲ್ಲಿ ಎರಡು ದಿನ ಪ್ರಯಾಣ, ಎರಡು ದಿನ ನಿದ್ದೆ ಸರಿಹೋಗೋಕೆ. ಒಂದು ಮದುವೆ, ಒಂದು ಗೃಹಪ್ರವೇಶ, ಬ್ಯಾಂಕಿನ ಕೆಲಸ, ಹಲ್ಲಿನ ಡಾಕ್ಟರು. ಅಮ್ಮನ ಪಕ್ಕ ಕೂತು ಒಂದು ಮಧ್ಯಾಹ್ನ ಪೂರ್ತಿ ಕಳೆದದ್ದು ಅಂತ ಇರುತ್ತಲೇ ಇರಲಿಲ್ಲ. ನೀವು ಬಂದಾಗಲೂ ಅದೇ ಕಥೆ. ನೀವು ಮನೆಯಲ್ಲಿ, ನಾನು ಆಸ್ಪತ್ರೆಯ ಲ್ಯಾಬಿನಲ್ಲಿ. ಸಂಜೆ ಬಂದು ಅಡುಗೆ ಮಾಡಿ ಮಲಗೋದು. ಶನಿವಾರ ನಿಮ್ಮನ್ನು ಎಲ್ಲಿಗಾದರೂ ಕರೆದುಕೊಂಡು ಓಡೋದು. ಭೇಟಿ ಅಂದರೆ ಬರೀ ಓಡಾಟ ಆಗಿಬಿಟ್ಟಿತ್ತು. ಈಗ ಹಾಗಿಲ್ಲ ಅಕ್ಕ. ಈ ಬೇಸಿಗೆ ನನಗೆ ಅದು ಚೆನ್ನಾಗಿ ಅರ್ಥ ಆಯಿತು.

ಜುಲೈನಲ್ಲಿ ಮಗಳು ಮಗುವನ್ನು ಕರೆದುಕೊಂಡು ಬ್ರಿಸ್ಟಲ್‌ನಿಂದ ಬಂದಳು. ಬಂದ ದಿನ ಅವಳ ಮುಖ ನೋಡಿದರೆ ಬಣ್ಣವೇ ಇರಲಿಲ್ಲ. ಆಫೀಸು, ಮಗು, ಮನೆ, ಅಷ್ಟೂ ಅವಳ ಮೇಲೆ. ಹಿತ್ತಲಿನ ಬೆಂಚಿನ ಮೇಲೆ ಕೂರಿಸಿ, "ನೀನು ಏನೂ ಮುಟ್ಟಬೇಡ" ಅಂದೆ. ತವರಿಗೆ ಬಂದ ಮಗಳು ಏನೂ ಮಾಡದೆ ಕೂರಬೇಕು. ಅಮ್ಮ ನಮಗೆ ಕಲಿಸಿದ್ದೂ ಅದೇ ಅಲ್ವಾ. ಎರಡು ದಿನ ಅವಳು ಸುಮ್ನೆ ಕೂತಿದ್ದಳು. ಮೂರನೇ ದಿನ ತಾನಾಗಿಯೇ ಎದ್ದು ಬಂದು ನನ್ನ ಜೊತೆ ಬೀನ್ಸ್ ಕೀಳೋಕೆ ಶುರು ಮಾಡಿದಳು. ಕೀಳುತ್ತಾ ಕೀಳುತ್ತಾ ಮಾತು ಬಂತು. ಅವಳ ಕೆಲಸದ ಚಿಂತೆ, ಇನ್ನೊಂದು ಮಗುವಿನ ಯೋಚನೆ, ಎಲ್ಲ. ಎದುರುಬದುರು ಕೂತು "ಹೇಳು, ಏನು ಸಮಾಚಾರ" ಅಂದರೆ ಹೇಳುವವಳಲ್ಲ ಅವಳು. ಕೈಗೆ ಕೆಲಸ ಇದ್ದರೆ, ಕಣ್ಣು ಗಿಡದ ಮೇಲಿದ್ದರೆ, ಬಾಯಿ ಬಿಡುತ್ತಾಳೆ. ಅವಳನ್ನು ಹೆತ್ತು ಸಾಕಿದ ನನಗೆ ಇದು ಇಷ್ಟು ತಡವಾಗಿ ಗೊತ್ತಾಯಿತು. ಈಗಲಾದರೂ ಗೊತ್ತಾಯಿತಲ್ಲ, ನನಗೆ ಅಷ್ಟು ಸಂತೋಷ ಆಯಿತು.

ಆಮೇಲೆ ಅವಳು ವಾಪಸ್ ಹೋದಳು, ಮಗು ನಮ್ಮ ಹತ್ತಿರವೇ ಉಳಿಯಿತು. ಕೆಲಸದಲ್ಲಿದ್ದಾಗ ಇದು ಆಗುತ್ತಿತ್ತಾ ಹೇಳು. ಅವನಿಗೆ ಇಡೀ ತೋಟದಲ್ಲಿ ತುಂಬಾ ಇಷ್ಟವಾದ ಜಾಗ ಬೀನ್ಸ್ ಬಳ್ಳಿಯ ಗೂಡು. ಇಲ್ಲಿ ರನ್ನರ್ ಬೀನ್ಸ್ ಅಂತ ಬೆಳೆಯುತ್ತಾರೆ. ಬಿದಿರಿನ ಗಳಗಳನ್ನು ಸುತ್ತಲೂ ನೆಟ್ಟು, ಮೇಲೆ ತುದಿ ಸೇರಿಸಿ ಕಟ್ಟುತ್ತಾರೆ. ಬಳ್ಳಿ ಹಬ್ಬಿದ ಮೇಲೆ ಒಳಗೆ ಹಸಿರು ಮನೆ ಆಗುತ್ತದೆ, ಮೈತುಂಬ ಕೆಂಪು ಹೂವು. ಅವನು ಒಳಗೆ ಕೂತು ಬಟಾಣಿ ಕಾಯಿ ಬಿಡಿಸಿ ಹಸಿಯಾಗಿಯೇ ತಿನ್ನುತ್ತಿದ್ದ. ಅಷ್ಟು ದಿನ ಬಟಾಣಿ ಅಂದರೆ ಫ್ರಿಜ್ಜಿನ ಪ್ಯಾಕೆಟ್ಟಿನಿಂದ ಬರುತ್ತದೆ ಅಂತಲೇ ತಿಳಿದಿದ್ದ ಮಗು. ರಾತ್ರಿ ಮಲಗಿಸೋದೇ ಕಷ್ಟ. 9 ಗಂಟೆಗೂ ಬಿಸಿಲು ಇರುತ್ತದೆ. "ಇನ್ನೂ ಸಂಜೆ ಆಗಿಲ್ಲ ಅಜ್ಜಿ" ಅಂತ ವಾದ ಮಾಡುತ್ತಿದ್ದ. ಅವನದ್ದೂ ಸರಿಯೇ. ಜೂನ್ ಕೊನೆಯಲ್ಲಿ ಬೆಳಿಗ್ಗೆ 5ಕ್ಕೆ ಮೊದಲೇ ಸೂರ್ಯ ಹುಟ್ಟುತ್ತಾನೆ, ರಾತ್ರಿ ಒಂಬತ್ತೂವರೆಗೆ ಮುಳುಗುತ್ತಾನೆ. ಹಗಲು 16 ಗಂಟೆಗೂ ಜಾಸ್ತಿ. ಅದೇ ಡಿಸೆಂಬರ್‌ನಲ್ಲಿ 8 ಗಂಟೆಯೂ ಇರುವುದಿಲ್ಲ. ಬೆಂಗಳೂರಿನಲ್ಲಾದರೆ ವರ್ಷದ ಅತಿ ಉದ್ದದ ಹಗಲಿಗೂ ಅತಿ ಚಿಕ್ಕ ಹಗಲಿಗೂ ಒಂದೂವರೆ ಗಂಟೆ ವ್ಯತ್ಯಾಸ, ಅಷ್ಟೇ.

ಈ ಹಗಲಿನ ಉದ್ದವೇ ಇಲ್ಲಿನ ತೋಟಕ್ಕೆಲ್ಲ ಯಜಮಾನ. ಭಾವನಿಗೆ ಇದು ಇಷ್ಟವಾಗುತ್ತದೆ, ಅದಕ್ಕೇ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಈ ಸಲ ಆಸೆಪಟ್ಟು ಅವರೆ ಹಾಕಿದ್ದೆ. ಇಲ್ಲಿನ ಅಂಗಡಿಯಲ್ಲೇ ಸಿಕ್ಕಿದ ಬೀಜ. ಬಳ್ಳಿ ಎಷ್ಟು ಚೆನ್ನಾಗಿ ಬಂತು ಅಂದರೆ, ಬೇಲಿ ಪೂರ್ತಿ ಮುಚ್ಚಿಹೋಗಿದೆ. ಒಂದು ಹೂವೂ ಇಲ್ಲ. ಯಾಕೆ ಅಂದರೆ, ಅವರೆ ಹೂ ಬಿಡೋದು ಹಗಲು ಚಿಕ್ಕದಾದಾಗ. ನಮ್ಮಲ್ಲಿ ಡಿಸೆಂಬರ್, ಜನವರಿಯಲ್ಲಿ ಅವರೆಯ ಸುಗ್ಗಿ ಇರೋದಕ್ಕೂ ಇದೇ ಕಾರಣ. ಇಲ್ಲಿ ಹಗಲು ಚಿಕ್ಕದಾಗೋ ಹೊತ್ತಿಗೆ ಚಳಿ ಬಂದು ಬಳ್ಳಿ ಸುಟ್ಟುಹೋಗುತ್ತದೆ. ಈರುಳ್ಳಿಯದು ಇದಕ್ಕೆ ತದ್ವಿರುದ್ಧ. ಇಲ್ಲಿನ ಈರುಳ್ಳಿ ತಳಿಗಳು ಹಗಲು ಉದ್ದವಾದ ಮೇಲೇ ಗಡ್ಡೆ ಕಟ್ಟೋದು. ಅಷ್ಟರವರೆಗೆ ಬರೀ ಎಲೆ. ಕೊತ್ತಂಬರಿಗಂತೂ ಉದ್ದ ಹಗಲು ಆಗಿಬರುವುದಿಲ್ಲ. ಮೇ ಕೊನೆಗೆ ಬಿತ್ತಿದರೆ ನಾಲ್ಕು ಎಲೆ ಬಿಟ್ಟು ನೇರ ಹೂವಿಗೇ ಹೋಗುತ್ತದೆ. ಆಗಸ್ಟ್‌ನಲ್ಲಿ ಬಿತ್ತಿದ್ದು ಚೆನ್ನಾಗಿ ಬರುತ್ತದೆ. ಮೆಂತ್ಯ ಮಾತ್ರ ಯಾವ ತಕರಾರೂ ಇಲ್ಲದೆ ಬರುತ್ತದೆ.

ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದವರು ಹಗಲಿನ ಉದ್ದ ನೋಡದೆ ವರ್ಷವಿಡೀ ಹೂ ಬಿಡೋ ಅವರೆ ತಳಿ ಮಾಡಿದ್ದಾರಲ್ಲ, ಹೆಬ್ಬಾಳ ಅವರೆ 3, ಹೆಬ್ಬಾಳ ಅವರೆ 4 ಅಂತ. ಅದು ಪೊದೆಯಾಗಿ ಬೆಳೆಯೋ ತಳಿ. ಇಲ್ಲಿ ಗ್ರೀನ್‌ಹೌಸ್ ಅಂತಾರಲ್ಲ, ಆ ಹಸಿರುಮನೆಯಲ್ಲಿ ಬೆಳೆದರೆ ಆಗಸ್ಟ್‌ಗೇ ಕಾಯಿ ಸಿಗಬಹುದು ಅಂತ ನನ್ನ ನಂಬಿಕೆ. ಆದರೆ ಬೀಜವನ್ನು ಸುಮ್ನೆ ಬ್ಯಾಗಿನಲ್ಲಿ ಹಾಕಿಕೊಂಡು ಬರುವಂತಿಲ್ಲ. ಗಿಡಬೀಜಕ್ಕೆ ರೋಗ ಇಲ್ಲ ಅಂತ ಅಲ್ಲಿನ ಕೃಷಿ ಅಧಿಕಾರಿಗಳು ಕೊಡೋ ಪ್ರಮಾಣಪತ್ರ ಬೇಕು. ಜಿಕೆವಿಕೆ, ಅದೇ ಆ ವಿಶ್ವವಿದ್ಯಾಲಯದ ಆವರಣದ ಕಡೆಗೆ ಹೋದಾಗ ಭಾವ ಅದನ್ನು ಹೇಗೆ ಮಾಡಿಸೋದು ಅಂತ ಒಂದು ಮಾತು ಕೇಳಲಿ. ಸರಿಯಾದ ದಾರಿಯಲ್ಲೇ ತರಿಸೋಣ.

ಮನೆಯ ಹಿತ್ತಲು ಚಿಕ್ಕದು ಅಂತ ನಿನಗೆ ಗೊತ್ತು. ತರಕಾರಿ ಎಲ್ಲ ಇರೋದು ಅಲಾಟ್‌ಮೆಂಟಿನಲ್ಲಿ, ನಡೆದರೆ ಹತ್ತು ನಿಮಿಷ. ನೀನು ಬಂದಾಗ ಅದು ನಮಗೆ ಸಿಕ್ಕಿರಲಿಲ್ಲ. ಊರಿನ ಕೌನ್ಸಿಲ್‌ನವರು ಜನಕ್ಕೆ ತರಕಾರಿ ಬೆಳೆಯೋಕೆ ಬಾಡಿಗೆಗೆ ಕೊಡೋ ತುಂಡು ಭೂಮಿ ಅದು. ಜನ ಕೇಳಿದರೆ ಜಾಗ ಒದಗಿಸಬೇಕು ಅಂತ 1908ರ ಕಾಯ್ದೆಯೇ ಇದೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಹಡಗಿನಲ್ಲಿ ಬರೋ ಆಹಾರ ಕಡಿಮೆಯಾದಾಗ ಸರ್ಕಾರವೇ "ಗೆಲುವಿಗಾಗಿ ಅಗೆಯಿರಿ" ಅಂತ ಕರೆ ಕೊಟ್ಟಿತ್ತು. ಆಗ ದೇಶದಲ್ಲಿ ಇಂಥ ತುಂಡುಗಳು ಹತ್ತು ಲಕ್ಷಕ್ಕೂ ಜಾಸ್ತಿ ಇದ್ದವು. ಪೂರ್ತಿ ಪ್ಲಾಟ್ ಅಂದರೆ ಸುಮಾರು 250 ಚದರ ಮೀಟರ್. ನಮ್ಮದು ಅರ್ಧ. ಬೆಂಗಳೂರಿನ 30-40 ಸೈಟಿಗಿಂತ ಒಂಚೂರು ದೊಡ್ಡದು ಅಂದುಕೋ. ಒಂದು ಸಂಸಾರಕ್ಕೆ ಅದು ಧಾರಾಳ. ಬೇಸಿಗೆಯಲ್ಲಂತೂ ಕುಂಬಳದ ಜಾತಿಯ ಕೂರ್ಜೆಟ್ ಕಾಯಿ ಹಂಚೋಕೆ ಜನ ಹುಡುಕಬೇಕು.

ಮಣ್ಣು ಮಾತ್ರ ಜೇಡಿ. ಒದ್ದೆಯಾದರೆ ಬೂಟಿಗೆ ಅಂಟುತ್ತದೆ, ಒಣಗಿದರೆ ಬಿರುಕು ಬಿಡುತ್ತದೆ. ಅದನ್ನು ಹದಕ್ಕೆ ತರೋ ಕೆಲಸ ಇವರದ್ದು. ಅಡುಗೆಮನೆಯ ಸಿಪ್ಪೆ, ಕತ್ತರಿಸಿದ ಹುಲ್ಲು, ಶರತ್ಕಾಲದಲ್ಲಿ ಉದುರಿದ ಎಲೆ, ಹತ್ತಿರದ ಕುದುರೆ ಲಾಯದ ಗೊಬ್ಬರ, ಎಲ್ಲವನ್ನೂ ಕೂಡಿಹಾಕಿ ಕೊಳೆಸುತ್ತಾರೆ. ಎಲೆಗೊಬ್ಬರ ಆಗೋಕೆ ಎರಡು ವರ್ಷ ಬೇಕು. ಅಷ್ಟು ತಾಳ್ಮೆ ಇವರಿಗೆ ಎಲ್ಲಿತ್ತು ಅಂತ ನನಗೆ ಆಶ್ಚರ್ಯ. ಈಗ ಒಂದು ಗುದ್ದಲಿ ಹಾಕಿದರೆ ಹಿಡಿ ತುಂಬ ಎರೆಹುಳು. ಅಗೆಯೋಕೆ ಶುರು ಮಾಡಿದರೆ ಸಾಕು, ಕೆಂಪು ಎದೆಯ ರಾಬಿನ್ ಹಕ್ಕಿ ಎಲ್ಲಿಂದಲೋ ಬಂದು ಮೊಣಕಾಲೆತ್ತರದಲ್ಲಿ ಕೂತುಬಿಡುತ್ತದೆ. ಹೆದರಿಕೆಯೇ ಇಲ್ಲ ಅದಕ್ಕೆ.

ಪಕ್ಕದ ಪ್ಲಾಟಿನಲ್ಲಿ 80 ದಾಟಿದ ಒಬ್ಬ ಹಿರಿಯರಿದ್ದಾರೆ. ನಾನು ಕಲಿತದ್ದರಲ್ಲಿ ಅರ್ಧ ಅವರ ಹತ್ತಿರ. ಆಲೂಗೆಡ್ಡೆ ಬೀಜವನ್ನು ಮೊಟ್ಟೆ ಟ್ರೇಯಲ್ಲಿ ಜೋಡಿಸಿ, ಕಿಟಕಿಯ ಬೆಳಕಿಗೆ ಇಟ್ಟು, ಮೊಳಕೆ ಗಟ್ಟಿಯಾದ ಮೇಲೆ ಮಾರ್ಚ್ ಕೊನೆಗೆ ನೆಡೋದು. ಟೊಮೆಟೊ ಗಿಡದ ಕಂಕುಳಿನಲ್ಲಿ ಬರೋ ಕುಡಿಯನ್ನು ಚಿವುಟೋದು. ಸಿಹಿ ಬಟಾಣಿ ಅಂತ ಅಂದಕ್ಕೆ ಬೆಳೆಸೋ ಹೂವಿನ ಬಳ್ಳಿ ಇದೆ, ಅದರ ಹೂವನ್ನು ದಿನ ಬಿಟ್ಟು ದಿನ ಕೊಯ್ಯೋದು. ಕೊಯ್ಯದೆ ಬಿಟ್ಟರೆ ಬೀಜ ಕಟ್ಟಿ ಹೂವು ನಿಂತೇ ಹೋಗುತ್ತದೆ. ರನ್ನರ್ ಬೀನ್ಸೂ ಹಾಗೆಯೇ, ಎರಡು ಮೂರು ದಿನಕ್ಕೊಮ್ಮೆ ಕೀಳಲೇಬೇಕು. ಅವರ ಹೆಂಡತಿ ತೀರಿಕೊಂಡು ವರ್ಷಗಳಾದವು. ಮಕ್ಕಳು ದೂರದಲ್ಲಿದ್ದಾರೆ. ಅಮ್ಮ ಬಂದರೆ ಅವರಿಬ್ಬರನ್ನೂ ಒಂದೇ ಬೆಂಚಿನಲ್ಲಿ ಕೂರಿಸಬೇಕು ಅಂತ ನನಗೆ ಆಸೆ. ಭಾಷೆ ಬರದಿದ್ದರೂ ಇಬ್ಬರಿಗೂ ಗಿಡ ಗೊತ್ತು.

ನೀನು ಟೊಮೆಟೊ ಬಗ್ಗೆ ಕೇಳಿದ್ದೆ. ಹಸಿರುಮನೆಯೊಳಗಿನವು ಚೆನ್ನಾಗಿವೆ, ದಿನಾ ಹಣ್ಣಾಗುತ್ತಿವೆ. ಹೊರಗೆ ನೆಟ್ಟವುಗಳಿಗೆ ಅಂಗಮಾರಿಯ ಭಯ ಇದ್ದೇ ಇರುತ್ತದೆ. 1845ರಲ್ಲಿ ಐರ್ಲೆಂಡಿನ ಆಲೂಗೆಡ್ಡೆಯನ್ನೆಲ್ಲ ಕೊಳೆಸಿ ಬರಗಾಲ ತಂದಿತ್ತಲ್ಲ, ಅದೇ ರೋಗ. ಅದು ಯಾವಾಗ ಬರುತ್ತದೆ ಅಂತ ತಿಳಿಯೋಕೆ ಇಲ್ಲಿ ಒಂದು ಲೆಕ್ಕ ಇದೆ. ಸತತ ಎರಡು ದಿನ ಉಷ್ಣಾಂಶ 10 ಡಿಗ್ರಿಗಿಂತ ಕೆಳಗಿಳಿಯದೆ, ಎರಡೂ ದಿನ ಕನಿಷ್ಠ 6 ಗಂಟೆ ಗಾಳಿಯ ತೇವ ಶೇಕಡಾ 90 ಅಥವಾ ಅದಕ್ಕೂ ಮೇಲಿದ್ದರೆ ಎಚ್ಚರ. ಹಾಗಾದಾಗ ನಾನು ಕಾಯನ್ನೆಲ್ಲ ಹಸಿರಿರುವಾಗಲೇ ಕಿತ್ತು ಉಪ್ಪಿನಕಾಯಿ ಹಾಕಿಬಿಡುತ್ತೇನೆ.

ಸ್ಲಗ್ ಅಂತ ಇನ್ನೊಂದು ಕಾಟ. ಚಿಪ್ಪಿಲ್ಲದ ಬಸವನಹುಳು. ರಾತ್ರೋರಾತ್ರಿ ಎಳೆ ಸಸಿಗಳನ್ನು ನೆಲಸಮ ಮಾಡುತ್ತದೆ. ಮೊದಲೆಲ್ಲ ನೀಲಿ ಗುಳಿಗೆ ಹಾಕುತ್ತಿದ್ದರು. ಹಕ್ಕಿಗಳಿಗೂ ಬೇರೆ ಪ್ರಾಣಿಗಳಿಗೂ ವಿಷ ಅಂತ 2022ರ ಏಪ್ರಿಲ್‌ನಿಂದ ಹೊರಗೆ ಮೆಟಾಲ್ಡಿಹೈಡ್ ಗುಳಿಗೆ ಬಳಸೋದನ್ನೇ ನಿಲ್ಲಿಸಿದರು. ಒಳ್ಳೆಯದೇ ಆಯಿತು. ಈಗ ನಾನು ಊಟ ಆದ ಮೇಲೆ ಟಾರ್ಚ್ ಹಿಡಿದು ಹೋಗಿ ಆರಿಸುತ್ತೇನೆ. ಹಿತ್ತಲ ಬೇಲಿಯ ಕೆಳಗೆ ಒಂದು ಸಣ್ಣ ಕಿಂಡಿ ಬಿಟ್ಟಿದ್ದೇವೆ, ಸ್ಲಗ್ ತಿನ್ನೋ ಮುಳ್ಳಿಲಿಗೆ ಓಡಾಡೋಕೆ. ಮೊಮ್ಮಗ ಅದನ್ನು ನೋಡಬೇಕು ಅಂತ ಕಿಟಕಿ ಹತ್ತಿರ ಕೂತು ಕೂತು ಅಲ್ಲೇ ನಿದ್ದೆ ಹೋಗುತ್ತಿದ್ದ. ಹೊರಡೋಕೆ ಮುಂಚೆ ಒಂದು ರಾತ್ರಿ ಅದು ಬಂತು. ಅವನ ಖುಷಿ ನೋಡಬೇಕಿತ್ತು ನೀನು.

ಇಲ್ಲಿನ ಬೇಸಿಗೆ ಬಗ್ಗೆ ಭಾವನಿಗೆ ಹಳೇ ಅಭಿಪ್ರಾಯ ಇದೆ, ಚಳಿ, ಮಳೆ ಅಂತ. ಅದೂ ಬದಲಾಗುತ್ತಿದೆ. 2022ರ ಜುಲೈ 19ರಂದು ನಮ್ಮ ಪೂರ್ವಕ್ಕಿರೋ ಲಿಂಕನ್‌ಶೈರಿನಲ್ಲಿ 40.3 ಡಿಗ್ರಿ ದಾಖಲಾಯಿತು. ಈ ದೇಶದಲ್ಲಿ 40 ದಾಟಿದ್ದು ಅದೇ ಮೊದಲು. 2025ರ ಬೇಸಿಗೆ ಬ್ರಿಟನ್ನಿನ ದಾಖಲೆಯಲ್ಲೇ ಅತಿ ಬೆಚ್ಚಗಿನ ಬೇಸಿಗೆ. ಹಲವು ಕಡೆ ಪೈಪ್ ಹಿಡಿದು ಗಿಡಕ್ಕೆ ನೀರು ಹಾಕೋದನ್ನೇ ನಿಷೇಧಿಸಿದ್ದರು. ಅದಕ್ಕೇ ನಾವು ಶೆಡ್ಡಿನ ಸೂರಿನ ನೀರನ್ನೆಲ್ಲ ಡ್ರಮ್ಮಿಗೆ ಹಿಡಿಯುತ್ತೇವೆ. ಹಾಗಂತ ಸ್ವೆಟರ್ ಬಿಟ್ಟು ಬರಬೇಡಿ. ಜುಲೈನಲ್ಲೂ ಸಂಜೆ ಬೇಕಾಗುತ್ತದೆ.

ಈಗ ಮುಖ್ಯ ವಿಷಯ. ಯಾವಾಗ ಬರೋದು?

ತೋಟ ನೋಡೋಕೆ ಒಳ್ಳೆಯ ಕಾಲ ಜೂನ್ ನಡುವಿನಿಂದ ಸೆಪ್ಟೆಂಬರ್ ಮೊದಲ ವಾರದವರೆಗೆ. ಆದರೆ ನಿನ್ನ ಮೊಮ್ಮಕ್ಕಳ ರಜೆ ಏಪ್ರಿಲ್, ಮೇ. ಮೇ ಕೊನೆಗೆ ಶಾಲೆ ತೆರೆದುಬಿಡುತ್ತದೆ. ಇದನ್ನು ಇಟ್ಟುಕೊಂಡೇ ಇಷ್ಟು ವರ್ಷ "ಮುಂದಿನ ವರ್ಷ ನೋಡೋಣ" ಅಂತ ಮುಂದೆ ಹಾಕಿದ್ದು. ನನಗೆ ಒಂದು ದಾರಿ ಹೊಳೆದಿದೆ. ಎಲ್ಲರೂ ಮೇ ಮೊದಲ ವಾರ ಬನ್ನಿ. ಮಗ, ಸೊಸೆ, ಮಕ್ಕಳು ಮೂರು ವಾರ ಇದ್ದು ಶಾಲೆಗೆ ಸರಿಯಾಗಿ ವಾಪಸ್ ಹೋಗಲಿ. ನೀನು, ಭಾವ, ಅಮ್ಮ ಆಗಸ್ಟ್ ಕೊನೆಯವರೆಗೂ ಇಲ್ಲೇ ಇರಿ. ಪ್ರವಾಸಿ ವೀಸಾದಲ್ಲಿ ಒಂದು ಸಲಕ್ಕೆ 6 ತಿಂಗಳವರೆಗೆ ಇರಬಹುದು. ಹಾಗಾಗಿ ಆ ಕಡೆಯಿಂದ ತೊಂದರೆ ಇಲ್ಲ.

ಮೇ ತಿಂಗಳಲ್ಲಿ ಮಕ್ಕಳಿಗೆ ನೋಡೋಕೆ ಏನೂ ಇಲ್ಲ ಅಂದುಕೊಳ್ಳಬೇಡ. ಸೇಬಿನ ಮರ ಹೂ ಬಿಡೋ ಕಾಲ ಅದು. ಕಾಡುಗಳಲ್ಲಿ ಬ್ಲೂಬೆಲ್ ಅಂತ ನೀಲಿ ಹೂವು, ನೆಲ ಕಾಣದಷ್ಟು. ಮೇ ನಡುವಿನವರೆಗೆ ಇರುತ್ತದೆ. ಆಮೇಲೆ ತೋಟದಲ್ಲಿ ಅತಿ ಹೆಚ್ಚು ಕೆಲಸ ಇರೋದೂ ಆಗಲೇ. ಮಾರ್ಚ್‌ನಿಂದ ಕಿಟಕಿಯಲ್ಲಿ ಬೆಳೆಸಿದ ಸಸಿಗಳನ್ನು, ಕೊನೆಯ ಹಿಮ ಬಿದ್ದು ಹೋದ ಮೇಲೆ, ಮೇ ಕೊನೆಯ ಹೊತ್ತಿಗೆ ಹೊರಗೆ ನೆಡುತ್ತೇವೆ. ಅದಕ್ಕೆ ಮುಂಚೆ ಒಂದು ವಾರ ಹತ್ತು ದಿನ ಹಗಲು ಹೊರಗೆ, ರಾತ್ರಿ ಒಳಗೆ ಇಟ್ಟು ಗಟ್ಟಿ ಮಾಡಬೇಕು. ಆ ಕೆಲಸಕ್ಕೆ ಮಕ್ಕಳಿಗಿಂತ ಒಳ್ಳೆಯ ಆಳು ಸಿಗುವುದಿಲ್ಲ. ಒಬ್ಬೊಬ್ಬರೂ ಒಂದೊಂದು ಸೂರ್ಯಕಾಂತಿ ನೆಟ್ಟು ಹೋಗಲಿ. ಅದು ಎಷ್ಟು ಎತ್ತರ ಬಂತು ಅಂತ ಅವರ ಅಜ್ಜಿ ಇಲ್ಲಿಂದ ವಾರ ವಾರ ಫೋಟೋ ಕಳಿಸಬಹುದು.

ವೀಸಾಗೆ ಪ್ರಯಾಣಕ್ಕೆ 3 ತಿಂಗಳು ಮುಂಚೆಯಿಂದ ಅರ್ಜಿ ಹಾಕಬಹುದು. ಅಂದರೆ ಫೆಬ್ರವರಿ. ಬೆರಳಚ್ಚು ಕೊಡೋಕೆ ಬೆಂಗಳೂರಿಗೆ ಹೋಗಬೇಕು, ಅಮ್ಮನೂ. ಸಾಮಾನ್ಯವಾಗಿ 3 ವಾರದಲ್ಲಿ ಉತ್ತರ ಬರುತ್ತದೆ. ಆಹ್ವಾನ ಪತ್ರ, ನಮ್ಮ ಬ್ಯಾಂಕಿನ ಕಾಗದ, ಮನೆಯ ಪತ್ರ ನಾನು ಕಳಿಸುತ್ತೇನೆ. ಭಾವನ ಪಿಂಚಣಿ ಕಾಗದವೂ ಇರಲಿ, ಊರಿಗೆ ವಾಪಸ್ ಬರೋಕೆ ಅಲ್ಲಿ ಬೇರು ಇದೆ ಅಂತ ತೋರಿಸೋಕೆ ಅದು ಒಳ್ಳೆಯ ಆಧಾರ. ಅಮ್ಮನಿಗೆ ಪ್ರಯಾಣದ ವಿಮೆ ಮಾಡಿಸಲೇಬೇಕು, ಇದರಲ್ಲಿ ಉಳಿತಾಯ ಬೇಡ. ಇಲ್ಲಿ ಪ್ರವಾಸಕ್ಕೆ ಬಂದವರು ತುರ್ತು ವಿಭಾಗದಲ್ಲಿ ತೋರಿಸಿಕೊಳ್ಳೋಕೆ ದುಡ್ಡು ಕೊಡಬೇಕಾಗಿಲ್ಲ. ಆದರೆ ಆಸ್ಪತ್ರೆಗೆ ಸೇರಿಸಿದರೆ ಬಿಲ್ಲು ಬರುತ್ತದೆ, ಅದೂ ಮಾಮೂಲಿ ದರದ ಒಂದೂವರೆ ಪಟ್ಟು. ಅವಳ ಬಿ.ಪಿ., ಮೊಣಕಾಲು ನೋವು ಎಲ್ಲವನ್ನೂ ವಿಮೆಯ ಅರ್ಜಿಯಲ್ಲಿ ಮುಚ್ಚಿಡದೆ ಬರೆಸು. ನಾಲ್ಕು ತಿಂಗಳಿಗೆ ಆಗೋಷ್ಟು ಮಾತ್ರೆ, ಡಾಕ್ಟರ ಚೀಟಿ ಜೊತೆಗಿರಲಿ. ವಿಮಾನ ನಿಲ್ದಾಣದಲ್ಲಿ ಗಾಲಿ ಕುರ್ಚಿ ಬೇಕು ಅಂತ ಟಿಕೆಟ್ ತಗೊಳ್ಳುವಾಗಲೇ ಹೇಳಿ. ಬೆಂಗಳೂರಿನಿಂದ ಲಂಡನ್ನಿಗೆ ನೇರ ವಿಮಾನವೇ ಇರಲಿ, ಹತ್ತು ಹನ್ನೊಂದು ಗಂಟೆಯ ದಾರಿ. ನಡುವೆ ಇಳಿದು ಹತ್ತೋ ಕಷ್ಟ ಅವಳಿಗೆ ಬೇಡ.

ಬ್ಯಾಗಿನಲ್ಲಿ ಹಾಲಿನ ಪದಾರ್ಥ, ಹಸಿ ಸೊಪ್ಪು, ಗಿಡ, ಬೀಜ ಏನೂ ಬೇಡ. ವಿಮಾನ ನಿಲ್ದಾಣದಲ್ಲೇ ತೆಗೆದುಕೊಂಡುಬಿಡುತ್ತಾರೆ. ಅಮ್ಮನಿಗೆ ಇದನ್ನು ನೀನೇ ಸಮಾಧಾನವಾಗಿ ಹೇಳು. ನಾನು ಹೇಳಿದರೆ ಕೇಳುವುದಿಲ್ಲ.

ಬಂದ ಮೇಲೆ ದಿನಾ ತಿರುಗಾಟ ಇರುವುದಿಲ್ಲ. ಅದೇ ನನಗೆ ಬೇಕಾಗಿರೋದು. ಬೆಳಿಗ್ಗೆ ತೋಟ, ಮಧ್ಯಾಹ್ನ ನಿದ್ದೆ, ಸಂಜೆ ಹಿತ್ತಲಿನಲ್ಲಿ ಮಾತು. ಆದರೂ ಕೆಲವು ಕಡೆ ಕರೆದುಕೊಂಡು ಹೋಗಲೇಬೇಕು. ಇಲ್ಲೇ ಓಡ್ಬಿಯಲ್ಲಿ ಲೆಸ್ಟರ್ ವಿಶ್ವವಿದ್ಯಾಲಯದ ಸಸ್ಯತೋಟ ಇದೆ, 16 ಎಕರೆ. ಅಮ್ಮ ಅಲ್ಲಲ್ಲಿ ಕೂತು ಕೂತು ನೋಡಬಹುದು. ಬ್ರ್ಯಾಡ್‌ಗೇಟ್ ಪಾರ್ಕಿನಲ್ಲಿ ಜಿಂಕೆಗಳು ದಾರಿಯ ಪಕ್ಕದಲ್ಲೇ ಮೇಯುತ್ತಿರುತ್ತವೆ, ಮಕ್ಕಳಿಗೆ ಅದು. ಭಾವನಿಗೆ ಇತಿಹಾಸ ಇಷ್ಟ. ಮೂರನೇ ರಿಚರ್ಡ್ ರಾಜನ ಮೂಳೆಗಳು 2012ರಲ್ಲಿ ಸಿಕ್ಕಿದ್ದು ನಮ್ಮ ಊರಿನ ಕಾರು ನಿಲ್ಲಿಸೋ ಜಾಗದ ಕೆಳಗೆ. 2015ರಲ್ಲಿ ಇಲ್ಲಿನ ಕೆಥೆಡ್ರಲ್‌ನಲ್ಲೇ ಮತ್ತೆ ಸಮಾಧಿ ಮಾಡಿದರು.

ಲಂಡನ್ನಿಗೆ ಒಂದು ಸಲ ಹೋಗಿ ಎರಡು ದಿನ ಇದ್ದು ಬರೋಣ. ಕ್ಯೂ ಗಾರ್ಡನ್ಸ್ ಅನ್ನೋ ಸಸ್ಯತೋಟ ನೋಡಬೇಕು. ಅದರ ಪಾಮ್ ಹೌಸ್ ಅನ್ನೋ ಗಾಜಿನ ಮನೆಯೊಳಗೆ 1775ರಲ್ಲಿ ದಕ್ಷಿಣ ಆಫ್ರಿಕಾದಿಂದ ತಂದ, ತಾಳೆಯ ಹಾಗೆ ಕಾಣೋ ಒಂದು ಸೈಕಡ್ ಗಿಡ ಇವತ್ತಿಗೂ ಕುಂಡದಲ್ಲೇ ಬದುಕಿದೆ. ಒಳಗೆ ಕಾಲಿಟ್ಟರೆ ನಮ್ಮ ಮಲೆನಾಡಿನ ಬಿಸಿ ತೇವ ಮುಖಕ್ಕೆ ಬರುತ್ತದೆ. ಲಾಲ್‌ಬಾಗನ್ನು 1908ರಿಂದ ನೋಡಿಕೊಂಡ ಕೃಂಬಿಗಲ್ ಅವರು ಇಂಡಿಯಾಗೆ ಬರೋಕೆ ಮೊದಲು ಕೆಲಸ ಮಾಡಿದ್ದು ಇದೇ ಕ್ಯೂನಲ್ಲಿ. ಬೆಂಗಳೂರಿನ ಬೀದಿಗಳಲ್ಲಿ ಒಂದಾದ ಮೇಲೊಂದು ಮರ ಹೂ ಬಿಡೋ ಹಾಗೆ ನೆಡಿಸಿದ ಪುಣ್ಯಾತ್ಮ. ಥೇಮ್ಸ್ ನದಿಯ ದಡದಲ್ಲಿ ಬಸವಣ್ಣನವರ ಪ್ರತಿಮೆ ಇದೆಯಲ್ಲ, 2015ರ ನವೆಂಬರ್‌ನಲ್ಲಿ ಅನಾವರಣ ಮಾಡಿದ್ದು, ಅಮ್ಮ ಅದನ್ನು ಟಿವಿಯಲ್ಲಿ ನೋಡಿದಾಗಿನಿಂದ ಕೇಳುತ್ತಿದ್ದಾಳೆ. ಸಿಹಿ ಬಟಾಣಿ ಹೂವಿನ ಒಂದು ಗೊಂಚಲು ನಮ್ಮ ತೋಟದಿಂದಲೇ ಕೊಯ್ದು ತಗೊಂಡು ಹೋಗೋಣ. ಅವಳ ಕೈಯಿಂದಲೇ ಇಡಿಸೋಣ.

ನಾನು ಬರೋದರ ಬಗ್ಗೆಯೂ ಹೇಳಿಬಿಡುತ್ತೇನೆ. ನವೆಂಬರ್ ಬಂತು ಅಂದರೆ ಇಲ್ಲಿ ತೋಟಕ್ಕೆ ಕೆಲಸ ಇಲ್ಲ. ಬೆಳ್ಳುಳ್ಳಿ ನೆಟ್ಟು, ಮಡಿಗಳಿಗೆ ಗೊಬ್ಬರ ಮುಚ್ಚಿ, ಬಾಗಿಲು ಹಾಕಿದರೆ ಮತ್ತೆ ನೋಡೋದು ಫೆಬ್ರವರಿ ಕೊನೆಗೆ. ಆ ಮೂರು ತಿಂಗಳು ನಾನು ನಿಮ್ಮ ಹತ್ತಿರ ಇರುತ್ತೇನೆ. ಬೇರೆ ದೇಶದ ಪೌರರಾದ ಭಾರತೀಯ ಮೂಲದವರಿಗೆ ಕೊಡೋ ಒಸಿಐ ಕಾರ್ಡ್ ಇರೋದರಿಂದ ನನಗೆ ವೀಸಾ ಬೇಕಿಲ್ಲ. ಇವರು ಕ್ರಿಸ್‌ಮಸ್ ರಜೆಗೆ ಬಂದು ಸೇರಿಕೊಳ್ಳುತ್ತಾರೆ. ಇನ್ನು ಮೇಲೆ ಪ್ರತಿ ವರ್ಷ ಹೀಗೇ ಮಾಡಬೇಕು ಅಂತ ನಮ್ಮ ಯೋಚನೆ. ಬೇಸಿಗೆಗೆ ನೀವು ಇಲ್ಲಿ, ಚಳಿಗಾಲಕ್ಕೆ ನಾನು ಅಲ್ಲಿ. ಆಗ ಅಮ್ಮನನ್ನು ನಾನು ನೋಡಿಕೊಳ್ಳುತ್ತೇನೆ. ನೀನು, ಭಾವ ಎಲ್ಲಿಗಾದರೂ ಹೋಗಿ ಬನ್ನಿ. ಇಷ್ಟು ವರ್ಷ ಒಂದು ದಿನವೂ ಬಿಡುವಿಲ್ಲದೆ ಅವಳನ್ನು ನೋಡಿಕೊಂಡವಳು ನೀನು. ನಾನು ದೂರದಲ್ಲಿ ಕೂತು ಫೋನ್ ಮಾಡಿದ್ದು ಬಿಟ್ಟರೆ ಜಾಸ್ತಿ ಏನೂ ಮಾಡೋಕೆ ಆಗಲಿಲ್ಲ. ಈಗ ನನಗೆ ಸಮಯ ಇದೆ. ದಯವಿಟ್ಟು "ಬೇಡ, ಪರವಾಗಿಲ್ಲ" ಅನ್ನಬೇಡ. ನೀನು ಹಾಗೆ ಹೇಳುತ್ತೀಯ ಅಂತ ಗೊತ್ತು, ಅದಕ್ಕೇ ಮೊದಲೇ ಬರೆಯುತ್ತಿದ್ದೇನೆ.

ಭಾನುವಾರ ಫೋನ್ ಮಾಡುವಾಗ ಮೂರು ವಿಷಯ ಹೇಳು. ಅಮ್ಮನ ಪಾಸ್‌ಪೋರ್ಟ್ ಯಾವಾಗ ಮುಗಿಯುತ್ತದೆ, ಮುಗಿಯೋಕೆ ಹತ್ತಿರ ಇದ್ದರೆ ಈಗಲೇ ಹೊಸದಕ್ಕೆ ಹಾಕಿ. ಮಕ್ಕಳ ಶಾಲೆಯ ರಜೆ ಯಾವತ್ತಿನಿಂದ ಯಾವತ್ತಿನವರೆಗೆ. ಮತ್ತೆ ಅಮ್ಮನ ಪಾದದ ಅಳತೆ. ಒಂದು ಕಾಗದದ ಮೇಲೆ ಕಾಲಿಟ್ಟು ಗೆರೆ ಎಳೆದು ಫೋಟೋ ಕಳಿಸು. ಅಲಾಟ್‌ಮೆಂಟಿನ ಜೇಡಿ ಮಣ್ಣಿನಲ್ಲಿ ಚಪ್ಪಲಿ ನಡೆಯುವುದಿಲ್ಲ. ಅವಳಿಗೆ ಒಂದು ಜೊತೆ ರಬ್ಬರ್ ಬೂಟು ತಂದಿಡುತ್ತೇನೆ. ಈಗ ಬೇಸಿಗೆ ಮುಗಿಯೋ ಹೊತ್ತಿಗೆ ಕಡಿಮೆ ಬೆಲೆಗೆ ಸಿಗುತ್ತವೆ.

ಅಮ್ಮನಿಗೆ ನಮಸ್ಕಾರ. ಮಕ್ಕಳಿಗೆ ಮುದ್ದು.

ನಿನ್ನ ತಂಗಿ